ಆಟಕ್ಕೊಂದು ಆಂಪ್ಲಿಫೈಯರ್

ಯಕ್ಷಗಾನದ ಮೈಕ್ ಸೆಟ್ಟಿಗೆ ಹೊಸ ಆಂಪ್ಲಿಫೈಯರ್ ಆರಿಸುವುದು ಮಗಳಿಗೆ ಗಂಡು ಹುಡುಕುವುದಕ್ಕಿಂತ ಕಷ್ಟ: ಸಲಹೆ ಕೊಡುವವರು ಹೆಚ್ಚು, ದುಡ್ಡು ಕೊಡುವವರು ಕಡಿಮೆ.

ರಾಕ್ ಗಿಟಾರಿನವರಿಗೆ ಹೈ-ಗೇನ್ ವಾಲ್ವ್ ಸೆಟ್ಟೇ ಬೇಕು. ಮಿತಿ ಮೀರಿ ಏರಿಸಿದಾಗ ಅದು ಸ್ವರವನ್ನು ಒಡೆಯುತ್ತದೆ. ಆ ಒಡಕಿಗೇ ಅವರು ಹಣ ತೆರುತ್ತಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಬಯಲಾಟದಲ್ಲಿ ಅದೇ ಒಡಕು ಕೇಳಿಸಿದರೆ ಮೈಕಿನವನ ಮಾನ ಬಯಲಾಗುತ್ತದೆ.

ಮೊದಲು ನೋಡಬೇಕಾದ್ದು ಭಾಗವತರ ಕಂಠ. ಏರುಶ್ರುತಿಯಲ್ಲೂ ಪದ್ಯದ ಅಕ್ಷರ ಬಿಡಿಬಿಡಿಯಾಗಿ ಕೇಳಬೇಕು. ಆದ್ದರಿಂದ ಗೇನ್ ಹಿತಮಿತ, ವಾಟ್ ಧಾರಾಳ. ಮದ್ದಲೆಯ ಬೆರಳ ನುಡಿತಕ್ಕೆ ಹತ್ತಿರದ ಮೈಕ್ ಬೇಕು. ಚೆಂಡೆಗೆ ಮೈಕಿನ ಹಂಗಿಲ್ಲ. ಭಾಗವತರ ಮೈಕಿಗೇ ಅದು ಕರೆಯದೆ ನುಗ್ಗುತ್ತದೆ. ವೇಷಧಾರಿಗಳ ಮಾತಿಗೆಂದು ಗೇನ್ ಅತಿಯಾಗಿ ಏರಿಸಿದರೆ ಸ್ಪೀಕರಿನ ದನಿ ಮರಳಿ ಮೈಕ್ ಹೊಕ್ಕು ‘ಕುಂಯ್’ ಎನ್ನುತ್ತದೆ. ಆಗ ದಮಯಂತಿಯ ಅಳುವಿಗೂ ಸಭೆ ನಗುತ್ತದೆ.

ಮಂದಾರ್ತಿ, ಮಾರಣಕಟ್ಟೆಯಂಥ ಮೇಳಗಳದ್ದು ಊರೂರು ತಿರುಗಾಟ. ದಿನವೂ ಏರಿಸಿ ಇಳಿಸುವ ಕೆಲಸಕ್ಕೆ ಗಾಜಿನ ವಾಲ್ವಿನ ಭಾರದ ಪೆಟ್ಟಿಗೆಗಿಂತ ಟ್ರಾನ್ಸಿಸ್ಟರ್ ಸೆಟ್ಟೇ ಲೇಸು. ಕೊಳ್ಳುವ ಮುನ್ನ ಅದನ್ನು ಅಂಗಡಿಯಲ್ಲಲ್ಲ, ಬಯಲಿನಲ್ಲಿ, ಪಕ್ಕದಲ್ಲಿ ಚೆಂಡೆ ಬಾರಿಸಿಯೇ ಪರೀಕ್ಷಿಸಬೇಕು.