ಇಬ್ಬರು ಸಾಕ್ಷಿ, ಎರಡು ಸಾವಿರ ಊಟ

ನಿಕಾಹ್‌ಗೆ ಬೇಕಾದವರು ಐದೇ ಮಂದಿ: ವರ, ವಧು, ವಧುವಿನ ಪರವಾಗಿ ವಲಿ, ಇಬ್ಬರು ಸಾಕ್ಷಿಗಳು. ‘ಕೊಟ್ಟೆ’ ಎಂದು ಒಬ್ಬರು, ‘ಒಪ್ಪಿದೆ’ ಎಂದು ಇನ್ನೊಬ್ಬರು ಹೇಳಿದರೆ ಮುಗಿಯಿತು. ಭಟ್ಕಳದ ನವಾಯತರು ಅನುಸರಿಸುವ ಶಾಫಿ ಪಂಥ ಕೇಳುವುದು ಇಷ್ಟನ್ನೇ. ಖಾಜಿಯವರು ಖುತ್ಬಾ ಓದಿ, ರಿಜಿಸ್ಟರಿನಲ್ಲಿ ರುಜು ಹಾಕಿಸಿ ಏಳುವ ಹೊತ್ತಿಗೆ ಕೆಟಲಿನ ಚಹಾ ಇನ್ನೂ ಆರಿರುವುದಿಲ್ಲ. ಧರ್ಮ ಇಷ್ಟು ಸಲೀಸು ಮಾಡಿಟ್ಟದ್ದನ್ನು ಆರು ತಿಂಗಳ ತಯಾರಿ, ಮೂರು ದಿನದ ದಣಿವು, ಐದು ವರ್ಷದ ಸಾಲವಾಗಿ ಬೆಳೆಸಿದ ಕೀರ್ತಿ ಮಾತ್ರ ಪೂರ್ತಿ ನಮ್ಮದು.

ಈ ಬೆಳವಣಿಗೆಗೆ ಕಾರಣ ಒಂದು ಆರನೆಯ ಷರತ್ತು. ಯಾವ ಕಿತಾಬಿನಲ್ಲೂ ಇಲ್ಲ, ಎಲ್ಲ ಮನೆಯಲ್ಲೂ ಇದೆ: ‘ಜನ ಎಂತ ಹೇಳ್ತಾರೆ?’ ಮೊದಲ ಐದರಲ್ಲಿ ಏನಾದರೂ ತೊಡಕಾದರೆ ಮೌಲಾನಾರನ್ನು ಕೇಳಿ ದಾರಿ ಹುಡುಕಬಹುದು. ಆರನೆಯದಕ್ಕೆ ವಿನಾಯಿತಿ ಕೊಡುವ ಮೌಲಾನಾ ಭಟ್ಕಳದಲ್ಲೂ ಇಲ್ಲ, ಹೊನ್ನಾವರದಲ್ಲೂ ಇಲ್ಲ, ಕುಮಟಾದಲ್ಲೂ ಇಲ್ಲ.

ಮೊದಲು ತಾರೀಖಿನ ವಿಚಾರ. ನೆರೆಮನೆಯವರು ಪಂಚಾಂಗ ಬಿಡಿಸಿದರೆ ನಾವು ಮರೆಯಲ್ಲಿ ನಗುತ್ತೇವೆ. ನಮಗೆ ರಾಹುಕಾಲವಿಲ್ಲ, ಗುಳಿಕಕಾಲವಿಲ್ಲ. ನಮಗಿರುವುದು ದುಬೈ ಕಂಪನಿಯ ಮ್ಯಾನೇಜರು. ಅವನು ರಜೆ ಮಂಜೂರು ಮಾಡಿದ ಗಳಿಗೆಯೇ ಶುಭ ಗಳಿಗೆ. ಅಲ್ಲಿನ ಶಾಲೆಗಳಿಗೆ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಹಾಗಾಗಿ ಕರಾವಳಿಯಲ್ಲಿ ಹುಚ್ಚುಮಳೆ ಹೊಯ್ಯುವಾಗ, ಹೆದ್ದಾರಿ 66ರಲ್ಲಿ ಕಾರುಗಳು ದೋಣಿಯಾಗುವಾಗ, ನಮ್ಮ ಶೇರ್ವಾನಿಗಳು ಕೊಡೆ ಹಿಡಿದು ಹೊರಡುತ್ತವೆ. ಜಾತಕ ಕೂಡಿಬರದೆ ಮದುವೆ ನಿಂತರೆ ಅದು ಮೂಢನಂಬಿಕೆ. ಟಿಕೆಟ್ ದರ ಕೂಡಿಬರದೆ ನಿಂತರೆ ದೇವರ ಇಚ್ಛೆ.

ಇನ್ನು ಮೆಹರ್. ಇದು ವರ ವಧುವಿಗೆ ಕೊಡಬೇಕಾದದ್ದು, ಅವಳದ್ದೇ ಸೊತ್ತು. ಏನೂ ಇಲ್ಲದ ಬಡವನೊಬ್ಬನಿಗೆ ಕಬ್ಬಿಣದ ಉಂಗುರವಾದರೂ ಇದೆಯೇ ನೋಡು ಎಂದು ಪ್ರವಾದಿಯವರು ಹೇಳಿದ ಪ್ರಸಂಗ ಮದರಸಾದ ಮಕ್ಕಳಿಗೂ ಗೊತ್ತು. ದೊಡ್ಡವರಿಗೆ ಗೊತ್ತಿರುವುದು ಬೇರೆ: ಮೆಹರ್‌ನಲ್ಲಿ ಈಗಲೇ ಕೊಡುವುದು ಒಂದು, ಮುಂದೆ ಕೊಡುವುದು ಇನ್ನೊಂದು. ಸಭೆಯಲ್ಲಿ ಗಟ್ಟಿಯಾಗಿ ಓದಲು ದೊಡ್ಡ ಮೊತ್ತ, ಕೊಡಲು ‘ಮುಂದೆ’. ಈ ‘ಮುಂದೆ’ ಎಷ್ಟು ಮುಂದೆ ಹೋಗುತ್ತದೆಂದರೆ, ಕೆಲವೆಡೆ ಗಂಡನ ಮಯ್ಯತ್ ಎತ್ತುವ ಹೊತ್ತಿಗೆ ಯಾರಾದರೂ ಹೆಂಡತಿಯ ಕಿವಿಯಲ್ಲಿ ‘ಮಾಫ್ ಮಾಡಿಬಿಡಿ’ ಎನ್ನುತ್ತಾರೆ. ಅಳುವವಳು ತಲೆ ಆಡಿಸುತ್ತಾಳೆ. ಲೆಕ್ಕ ಚುಕ್ತಾ. ಅಂದಹಾಗೆ ಈ ಮೊತ್ತ ಗೊತ್ತುಮಾಡುವ ಕೋಣೆಯಲ್ಲಿ ಮಾವಂದಿರು, ಚಿಕ್ಕಪ್ಪಂದಿರು, ದೂರದ ಸಂಬಂಧದ ಹಾಜಿಗಳು ಎಲ್ಲರೂ ಇರುತ್ತಾರೆ. ಯಾರ ಹಣವೋ ಅವಳು ಒಳಗೆ ಮೆಹಂದಿ ಒಣಗಿಸಿಕೊಳ್ಳುತ್ತಿರುತ್ತಾಳೆ.

ವರದಕ್ಷಿಣೆ? ಛೇ, ನಮ್ಮಲ್ಲಿ ಇಲ್ಲ ಮಾರಾಯ್ರೆ. ಭಟ್ಕಳದಲ್ಲಿ ಕೇಳಿ, ಹೊನ್ನಾವರದಲ್ಲಿ ಕೇಳಿ, ಅದೇ ಉತ್ತರ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೂಡ ವರದಕ್ಷಿಣೆಯ ವ್ಯಾಖ್ಯೆಯಿಂದ ಮೆಹರ್ ಅನ್ನು ಹೊರಗಿಟ್ಟಿತು. ಗಂಡಿನಿಂದ ಹೆಣ್ಣಿಗೆ ಹೋಗುವ ಹಣಕ್ಕೆ ನಿಷೇಧ ಯಾಕೆ ಎಂದು ಕಾಯ್ದೆ ಬರೆದವರಿಗೂ ಅನ್ನಿಸಿರಬೇಕು. ಎದುರು ದಿಕ್ಕಿನಿಂದ ಬರುವುದನ್ನು ಯಾರೂ ಕೇಳುವುದಿಲ್ಲ, ಅದು ತಾನಾಗಿ ಬರುತ್ತದೆ. ಕೋಣೆಗೆ ಮಂಚ ಬಂತು, ಕಪಾಟು ಬಂತು, ಏಸಿ ಬಂತು. ‘ನಾವು ಏನೂ ಕೇಳಿರಲಿಲ್ಲ’ ಎನ್ನುತ್ತಲೇ ಏಸಿ ಎಷ್ಟು ಟನ್ನಿನದು ಎಂದು ನೋಡುವುದು ತಪ್ಪೇನಲ್ಲ. ಅದು ಬರೀ ಕುತೂಹಲ.

ಊಟಕ್ಕೆ ಬರೋಣ, ಎಲ್ಲರೂ ಬರುವುದು ಅದಕ್ಕೇ. ಹದಿನಾಲ್ಕನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತಾ, ಇಲ್ಲಿನ ಸುಲ್ತಾನ್ ಜಮಾಲುದ್ದೀನನ ಮನೆಯ ಊಟವನ್ನು ಬಾಯಲ್ಲಿ ನೀರೂರುವಂತೆ ವರ್ಣಿಸಿದ್ದಾನೆ. ಅನ್ನ, ತುಪ್ಪ, ಕಾಳುಮೆಣಸಿನ ಉಪ್ಪಿನಕಾಯಿ, ಹಸಿಶುಂಠಿ, ಮಾವು, ಆಮೇಲೆ ಕೋಳಿ, ಮೀನು, ಕೊನೆಗೆ ಮೊಸರು. ಸುಲ್ತಾನನ ಊಟವೇ ಮೊಸರಿಗೆ ಮುಗಿದಿತ್ತು. ನಮ್ಮದು ಭಟ್ಕಳ ಬಿರಿಯಾನಿಗೆ ಮುಗಿಯುವುದಿಲ್ಲ. ಅದರ ಹಿಂದೆ ಶಾವಿಗೆ ಬಿರಿಯಾನಿ, ಕಬಾಬು, ಹಲ್ವಾ, ಐಸ್‌ಕ್ರೀಮು, ಅರಬ್ ದೇಶದ ಹೆಸರು ಹೊತ್ತ ಇನ್ನೆರಡು ಬಗೆ. ಅದೇ ಇಬ್ನ್ ಬತೂತಾ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ಇದ್ದವೆಂದು ಎಣಿಸಿ ಬರೆದ. ಈಗ ಬಂದರೆ ಮದುವೆ ಹಾಲ್‌ಗಳನ್ನು ಎಣಿಸಿ ಸುಸ್ತಾಗುತ್ತಿದ್ದ. ಮುಂದೆ ಮಾಲ್ದೀವ್ಸ್‌ಗೆ ಹೋದವನು ಅಲ್ಲಿ ಮೆಹರ್ ಸಣ್ಣದು, ಮದುವೆ ಸುಲಭ ಎಂದು ಬರೆದು ಹಲವು ಮದುವೆಯನ್ನೂ ಆದ. ಹೊನ್ನಾವರದಲ್ಲಿ ಆದ ಸುದ್ದಿ ಎಲ್ಲೂ ಬರೆದಿಲ್ಲ. ಹಾಲ್ ಸಿಕ್ಕಿರಲಿಕ್ಕಿಲ್ಲ.

ಸುಧಾರಣೆಯ ಮಾತು ಇಲ್ಲವೆಂದಲ್ಲ. ಭಟ್ಕಳದಲ್ಲಿ ಸುಧಾರಣೆಯನ್ನು ಹೆಸರಿನಲ್ಲೇ ಹೊತ್ತ ಮಜ್ಲಿಸೆ ಇಸ್ಲಾಹ್ ವ ತಂಜೀಮ್ ಹುಟ್ಟಿದ್ದು 1912ರಲ್ಲಿ. ಎರಡು ಜಮಾತ್‌ಗಳಿವೆ, ಮಸೀದಿಗಳಿಗೆ ಬರವಿಲ್ಲ, ಬೋಧಿಸುವವರಿಗಂತೂ ಇಲ್ಲವೇ ಇಲ್ಲ. ದುಂದುವೆಚ್ಚದ ವಿರುದ್ಧ ಅತ್ಯುತ್ತಮ ಭಾಷಣಗಳು ನಡೆಯುವುದು ಮದುವೆಗಳಲ್ಲೇ. ಕಡಿಮೆ ಹೊರೆಯ ನಿಕಾಹ್‌ನಲ್ಲೇ ಹೆಚ್ಚು ಬರಕತ್ ಎಂದು ಮೌಲಾನಾ ಹೇಳುತ್ತಾರೆ. ಸಿರಿವಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾ ಊಟದಷ್ಟು ಕೆಟ್ಟ ಊಟ ಇಲ್ಲ ಎಂಬ ಹದೀಸನ್ನೂ ನೆನಪಿಸುತ್ತಾರೆ. ಸಭೆ ಒಂದೇ ದನಿಯಲ್ಲಿ ಆಮೀನ್ ಎನ್ನುತ್ತದೆ. ಆಮೇಲೆ ಮೌಲಾನಾರನ್ನು ವಿಐಪಿ ಮೇಜಿಗೆ ಕರೆದೊಯ್ಯಲಾಗುತ್ತದೆ.

ಸರ್ಕಾರವೂ ಕೈ ಹಾಕಿ ನೋಡಿತು. 2013ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಬಡ ಅಲ್ಪಸಂಖ್ಯಾತ ಹೆಣ್ಣುಮಕ್ಕಳ ಮದುವೆಗೆ 50,000 ರೂಪಾಯಿ ಕೊಡುವ ಬಿದಾಯಿ ಯೋಜನೆ ತಂದಿತು, ಊರು ಅದನ್ನು ಶಾದಿ ಭಾಗ್ಯ ಎಂದಿತು. ವಿಧಾನಮಂಡಲದಲ್ಲಿ ಗದ್ದಲವಾಯಿತು. ಇತ್ತ ಆ ಹಣ ಬಾಣಸಿಗನ ಮುಂಗಡಕ್ಕೆ ಸಾಲುತ್ತದೋ ಇಲ್ಲವೋ ಎಂಬುದಷ್ಟೇ ನಮ್ಮ ಚರ್ಚೆಯಾಗಿತ್ತು.

ನಿಜವಾಗಿ ಸುಧಾರಣೆ ಮಾಡಿ ತೋರಿಸಿದ್ದು ಒಂದು ವೈರಸ್. 2020ರಲ್ಲಿ ಮದುವೆಗೆ 50 ಜನ ಮೀರಬಾರದು ಎಂದು ಆದೇಶ ಬಂತು. ಮನೆಯ ಜಗಲಿಯಲ್ಲಿ ನಿಕಾಹ್‌ಗಳಾದವು. ಅಕ್ಕಪಕ್ಕದಿಂದ ತಂದ ನಾಲ್ಕು ಮೊಳ ಭಟ್ಕಳ ಮಲ್ಲಿಗೆ, ಒಂದೇ ಡೇಗಿನ ಬಿರಿಯಾನಿ. ಆ ಮದುವೆಗಳೇನೂ ಮುರಿದು ಬೀಳಲಿಲ್ಲ, ಆ ಜೋಡಿಗಳಿಗೆ ಹುಟ್ಟಿದ ಮಕ್ಕಳು ಈಗ ಅಲಿಫ್ ಬೇ ಹೇಳುತ್ತಿದ್ದಾರೆ. ಆದರೆ ನಿರ್ಬಂಧ ತೆಗೆದೊಡನೆ ನಾವು ಮಾಡಿದ ಮೊದಲ ಕೆಲಸ, ಆಗ ಕರೆಯದವರನ್ನೂ ಸೇರಿಸಿ ಕರೆದದ್ದು.

ಗಲ್ಫಿನ ದುಡ್ಡಿದ್ದವನು ಖರ್ಚು ಮಾಡಿದರೆ ಅವನ ಖುಷಿ ಎನ್ನುತ್ತೀರಿ. ಸರಿ. ಅವನು ಮೂರು ದಿನದಲ್ಲಿ ಮರೆತುಬಿಡುತ್ತಾನೆ. ಮರೆಯಲಾಗದವನು ಕಾಸರಕೋಡಿನ ಬೋಟಿನಲ್ಲಿ ಬಲೆ ಎಳೆಯುವವನು, ಕುಮಟಾ ಸ್ಟ್ಯಾಂಡಿನಲ್ಲಿ ಆಟೋ ನಿಲ್ಲಿಸಿದವನು. ಅವನ ಮಗಳಿಗೂ ಮದುವೆಯಾಗಬೇಕು, ಅವನ ಕೇರಿಯಲ್ಲೂ ಜನ ಏನಾದರೂ ಹೇಳುತ್ತಾರೆ. ಬಡ್ಡಿ ಹರಾಮ್ ಎಂದು ಅವನಿಗೆ ಗೊತ್ತು. ಫೈನಾನ್ಸ್‌ನವನಿಗೆ ಗೊತ್ತಿಲ್ಲ. ಪಕ್ಕದ ಹವ್ಯಕರು, ನಾಮಧಾರಿಗಳು ಇದನ್ನೋದಿ ನಗಬೇಕಿಲ್ಲ. ನಿಮ್ಮ ಮದುವೆಯ ಡ್ರೋನ್ ನಮ್ಮ ಹಾಲ್‌ನ ಮೇಲೆಯೇ ಹಾದುಹೋಗಿದೆ.

ಹಾಗಾಗಿ ಜಮಾತ್‌ಗಳ ಮುಂದೆ ನನ್ನದೊಂದು ಅರ್ಜಿ. ಯಾರನ್ನೂ ಕರೆಯಬೇಡಿ ಎನ್ನಬೇಡಿ, ಎಷ್ಟು ಸಾವಿರ ಬೇಕಾದರೂ ಕರೆಯಲಿ. ಒಂದೇ ನಿಯಮ ಮಾಡಿ: ಉಣ್ಣುವ ಮೊದಲು ಪ್ರತಿಯೊಬ್ಬ ಅತಿಥಿಯೂ ನಿಕಾಹ್ ರಿಜಿಸ್ಟರಿನಲ್ಲಿ ಸಾಕ್ಷಿಯೆಂದು ರುಜು ಹಾಕಬೇಕು. ಓದಿದ ಮೆಹರ್ ನಾಳೆ ಹುಡುಗಿಯ ಕೈಗೆ ಬರದಿದ್ದರೆ ಬಂದು ಕೇಳುವುದು ಅವರ ಹೊಣೆ, ಅಪ್ಪನ ಸಾಲದ ಕಂತು ತಪ್ಪಿದರೆ ತಲಾ ಇಷ್ಟೆಂದು ತುಂಬುವುದೂ ಅವರದೇ. ಆ ಸಾಲು ಹಾಲ್‌ನ ಬಾಗಿಲಲ್ಲಿ ನಿಲ್ಲಲಿ. ಎಷ್ಟು ಮಂದಿ ಪೆನ್ನು ಕೈಗೆತ್ತಿಕೊಳ್ಳುತ್ತಾರೋ ಎಣಿಸಿ, ಅಷ್ಟು ಜನಕ್ಕೆ ಮಾತ್ರ ಅಕ್ಕಿ ನೆನೆಹಾಕಿ.