ಆರ್ಯವರ್ಧನನ ಮುಖಕ್ಕೆ ಆಪರೇಷನ್, ಕಥೆಗೆ ಅರಿವಳಿಕೆ

ಕನ್ನಡದಲ್ಲಿ ವೈಜ್ಞಾನಿಕ ಕಥೆಗೆ ಗಿರಾಕಿಗಳಿಲ್ಲ ಎಂದು ಗೋಷ್ಠಿಗಳಲ್ಲಿ ನಿಟ್ಟುಸಿರು ಬಿಡುವವರನ್ನು ಕಂಡರೆ ನನಗೆ ಕನಿಕರ. ರಾಜಶೇಖರ ಭೂಸನೂರಮಠರಂಥವರು ಜೀವ ತೇಯ್ದು ಅಂಥ ಕಥೆ ಬರೆದರು. ಇವತ್ತು ಅವರನ್ನು ಓದಿದವರು ಯಾರು ಎಂದರೆ ಸಭೆಯಲ್ಲಿ ಹಿಂದಿನ ಸಾಲಿನ ಒಂದೆರಡು ಕೈ ಮೇಲೇಳುತ್ತವೆ, ಅವೂ ಕಾಫಿ ಕೇಳುವುದಕ್ಕೆ. ಅದೇ ರಾತ್ರಿ ಊಟದ ಹೊತ್ತಿಗೆ ಬಸವೇಶ್ವರನಗರದ ಹಾವನೂರು ಸರ್ಕಲ್ಲಿನಿಂದ ವಿಜಯನಗರದ ಮಾರುತಿ ಮಂದಿರದ ತನಕ ನಡೆದು ನೋಡಿ. ಕಿಟಕಿಗಳಿಗೆ ಕಿವಿ ಕೊಟ್ಟರೆ ಸಾಕು. ಒಂದು ಮನೆಯಲ್ಲಿ ಸತ್ತವಳು ಮತ್ತೆ ಹುಟ್ಟಿದ್ದಾಳೆ. ಪಕ್ಕದ ಮನೆಯಲ್ಲಿ ಒಬ್ಬನ ನೆನಪು ಪೂರ್ತಿ ಅಳಿಸಿಹೋಗಿದೆ. ಎದುರು ಮನೆಯಲ್ಲಿ ಒಬ್ಬನ ಮುಖ ತೆಗೆದು ಇನ್ನೊಬ್ಬನಿಗೆ ಕೂರಿಸುತ್ತಿದ್ದಾರೆ. ಮನೆಮಂದಿ ಹುಳಿಯನ್ನಕ್ಕೆ ತುಪ್ಪ ಹಾಕಿಕೊಳ್ಳುತ್ತ ಇದನ್ನೆಲ್ಲ ‘ಫ್ಯಾಮಿಲಿ ಸ್ಟೋರಿ’ ಎಂದು ನೋಡುತ್ತಿದ್ದಾರೆ.

ಮುಖದ ವಿಷಯಕ್ಕೆ ಬರೋಣ. 2019ರ ಸೆಪ್ಟೆಂಬರ್‌ನಲ್ಲಿ ಜೀ ಕನ್ನಡದಲ್ಲಿ ‘ಜೊತೆ ಜೊತೆಯಲಿ’ ಶುರುವಾಯಿತು. ನಿರ್ದೇಶಕರು ಆರೂರು ಜಗದೀಶ್. ನಲವತ್ತೈದರ ಸಿರಿವಂತ ಆರ್ಯವರ್ಧನ್ ಆಗಿ ಅನಿರುದ್ಧ್ ಜತ್ಕರ್, ಇಪ್ಪತ್ತರ ಮಧ್ಯಮ ವರ್ಗದ ಅನು ಸಿರಿಮನೆಯಾಗಿ ಮೇಘಾ ಶೆಟ್ಟಿ. ಆರ್ಯವರ್ಧನನ ಕಪ್ಪು–ಬಿಳುಪು ಕೂದಲು ಅದೆಷ್ಟು ಜನಪ್ರಿಯವಾಯಿತೆಂದರೆ, ರಾಜಾಜಿನಗರದ ನಮ್ಮ ವಯಸ್ಸಿನ ಗಂಡಸರು ಡೈ ಹಚ್ಚುವುದನ್ನು ಬಿಟ್ಟು ಭಾಷ್ಯಂ ಸರ್ಕಲ್ಲಿನಲ್ಲಿ ಸುಮ್ಮನೆ ಎರಡು ಸುತ್ತು ಹೆಚ್ಚು ಹಾಕತೊಡಗಿದರು. ಯಾವ ಅನುವೂ ತಿರುಗಿ ನೋಡಲಿಲ್ಲ ಎಂಬುದು ಬೇರೆ ಮಾತು.

2022ರ ಆಗಸ್ಟ್‌ನಲ್ಲಿ ನಾಯಕನಟನಿಗೂ ನಿರ್ಮಾಣ ತಂಡಕ್ಕೂ ಜಗಳವಾಯಿತು. ಅವರೊಂದು ಪತ್ರಿಕಾಗೋಷ್ಠಿ, ಇವರೊಂದು ಸ್ಪಷ್ಟನೆ. ಅದು ಅವರವರ ವ್ಯವಹಾರ. ಆದರೆ ನಾಯಕನಿಲ್ಲದ ಧಾರಾವಾಹಿಯನ್ನು ಏನು ಮಾಡುವುದು?

ನಮ್ಮಲ್ಲಿ ಇದಕ್ಕೆ ಹಳೆಯ, ಸರಳ, ಖರ್ಚಿಲ್ಲದ ಉಪಾಯವೊಂದಿದೆ. ‘ಇನ್ನು ಮುಂದೆ ಈ ಪಾತ್ರದಲ್ಲಿ ಇಂಥವರು’ ಎಂದು ಪರದೆಯ ಕೆಳಗೆ ಒಂದು ಪಟ್ಟಿ ಓಡಿಸುವುದು. ನಿನ್ನೆ ಕಾಫಿ ಲೋಟ ಹಿಡಿದು ಅಡುಗೆಮನೆಗೆ ಹೋದ ಅತ್ತೆ ಇವತ್ತು ಹೊರಗೆ ಬರುವಾಗ ಬೇರೆಯೇ ಹೆಂಗಸಾಗಿರುತ್ತಾರೆ. ಲೋಟ ಮಾತ್ರ ಅದೇ. ಹೆತ್ತ ಮಗ ಒಂದು ಕ್ಷಣವೂ ತಡವರಿಸದೆ ‘ಅಮ್ಮಾ’ ಎನ್ನುತ್ತಾನೆ. ‘ಲಕ್ಷ್ಮೀ ಬಾರಮ್ಮ’ದಲ್ಲಿ ಚಂದನ್ ಕುಮಾರ್ ಹೋದ ಜಾಗಕ್ಕೆ ಶೈನ್ ಶೆಟ್ಟಿ ಬಂದರು, ಕವಿತಾ ಗೌಡ ಹೋದ ಮೇಲೆ ರಶ್ಮಿ ಪ್ರಭಾಕರ್ ಬಂದರು. ಗಂಡನೂ ಬದಲು, ಹೆಂಡತಿಯೂ ಬದಲು, ದಾಂಪತ್ಯ ಮಾತ್ರ ಅದೇ. ಮೈಸೂರು ಸ್ಯಾಂಡಲ್ ಸೋಪಿಗೆ ಕಾಗದ ಬದಲಾದರೆ ಯಾರೂ ಗಲಾಟೆ ಮಾಡುವುದಿಲ್ಲವಲ್ಲ, ಹಾಗೆ ವೀಕ್ಷಕರೂ ಒಪ್ಪಿಕೊಂಡರು.

ಆರ್ಯವರ್ಧನನಿಗೆ ಪಟ್ಟಿ ಸಾಲದಾಯಿತು. ಆತ ನಾಯಕ. ಅತ್ತೆಗಾದರೆ ಒಂದು ಸಾಲು ಅಕ್ಷರ ಸಾಕು, ನಾಯಕನಿಗೆ ಐಸಿಯು ಬೇಕು. ಕಾರು ಅಪಘಾತವಾಯಿತು. ಬ್ಯಾಂಡೇಜು ಸುತ್ತಿದರು. ಪ್ಲಾಸ್ಟಿಕ್ ಸರ್ಜರಿ ಎಂದರು. ವಿಶ್ವಾಸ್ ದೇಸಾಯಿ ಎಂಬ ಇನ್ನೊಬ್ಬನ ಮುಖ ಆರ್ಯವರ್ಧನನ ಮೇಲೆ ಬಂದು ಕೂತಿತು. ನೆನಪು ಹೋಯಿತು, ಹೆಸರು ಸಂಜು ಎಂದಾಯಿತು. ಬ್ಯಾಂಡೇಜು ಬಿಚ್ಚಿದಾಗ ಒಳಗಿದ್ದವರು ಹರೀಶ್ ರಾಜ್. ಒಳ್ಳೆಯ ನಟ, ಸ್ವತಃ ಸಿನಿಮಾ ನಿರ್ದೇಶಿಸಿದವರು; ಇದರಲ್ಲಿ ಅವರ ತಪ್ಪೇನೂ ಇಲ್ಲ. ಒಂದು ಕಾಕತಾಳೀಯ ಹೇಳಿಬಿಡುತ್ತೇನೆ. ಬದಲಿ ಚಂದನ್ ಆಗಿದ್ದ ಶೈನ್ ಶೆಟ್ಟಿ, ಬದಲಿ ಆರ್ಯವರ್ಧನ್ ಆಗಲಿದ್ದ ಹರೀಶ್ ರಾಜ್ ಇಬ್ಬರೂ ಬಿಗ್ ಬಾಸ್ ಕನ್ನಡದ ಏಳನೇ ಸೀಸನ್ನಿನಲ್ಲಿ ಒಂದೇ ಮನೆಯೊಳಗಿದ್ದರು. ಗೆದ್ದದ್ದು ಶೈನ್ ಶೆಟ್ಟಿ. ಅಲ್ಲೇನಾದರೂ ತರಬೇತಿ ಕೊಡುತ್ತಾರೋ ಏನೋ.

ಹೊಸ ಮುಖದ ಕಂತು ಬಂದ ದಿನಗಳಲ್ಲೇ ಬಸವೇಶ್ವರನಗರದ ನಮ್ಮ ಸೋದರತ್ತೆಯ ಮನೆಗೆ ಹೋಗಿದ್ದೆ. ಟೀವಿ ಮುಂದೆ ಮಾತಾಡುವುದು ಆ ಮನೆಯಲ್ಲಿ ಅಪರಾಧ, ಆದರೂ ತಡೆಯಲಾಗಲಿಲ್ಲ.

“ಅತ್ತೆ, ಇವರ್ಯಾರು?”

“ಆರ್ಯ ಸರ್ ಕಣೋ.”

“ಮುಖ ಬೇರೆ ಇದೆಯಲ್ಲ?”

“ಆಪರೇಷನ್ ಆಗಿದೆ.”

“ಸರಿ, ಮುಖಕ್ಕೆ ಆಪರೇಷನ್. ದನಿ? ಎತ್ತರ? ನಡಿಗೆ?”

ಅತ್ತೆ ರಿಮೋಟನ್ನು ಮಡಿಲಲ್ಲಿ ಭದ್ರ ಮಾಡಿಕೊಂಡು ಹೇಳಿದರು: “ನಿಮ್ಮ ಮಾವನಿಗೆ ಮದುವೆಯಾದಾಗ ಇದ್ದ ಮುಖ ಈಗ ಇದೆಯೇನೋ? ಕೂದಲು ಹೋಯ್ತು, ಹಲ್ಲು ಹೋಯ್ತು, ದನಿ ಹೋಯ್ತು. ನಾನು ಯಾರನ್ನಾದರೂ ಕೇಳಿದೆನಾ? ಸುಮ್ನೆ ನೋಡು.”

ಮಾವ ಕೋಣೆಯೊಳಗಿಂದ ಕೆಮ್ಮಿದರು. ಅದು ಪ್ರತಿಭಟನೆಯೋ ಸಮ್ಮತಿಯೋ ತಿಳಿಯಲಿಲ್ಲ.

ವಿಜ್ಞಾನದ ಕಡೆಯಿಂದಲೂ ಇದನ್ನು ಸ್ವಲ್ಪ ವಿಚಾರಿಸಬೇಕು. ಜಗತ್ತಿನ ಮೊದಲ ಭಾಗಶಃ ಮುಖ ಕಸಿ ನಡೆದದ್ದು 2005ರಲ್ಲಿ, ಫ್ರಾನ್ಸಿನ ಅಮಿಯಾನ್ ಊರಿನಲ್ಲಿ. ಅಂಥ ಕಸಿ ಮಾಡಿಸಿಕೊಂಡವರು, ದೇಹ ಪರರ ಚರ್ಮವನ್ನು ತಿರಸ್ಕರಿಸದಿರಲೆಂದು ಬದುಕಿರುವಷ್ಟು ಕಾಲ ಔಷಧಿ ನುಂಗಬೇಕು. ಇಷ್ಟಾದರೂ ಒಳಗಿನ ಎಲುಬು ತಮ್ಮದೇ ಆದ್ದರಿಂದ ಮುಖ ಕೊಟ್ಟವನ ಪಡಿಯಚ್ಚು ಆಗುವುದಿಲ್ಲ. ನಮ್ಮ ಧಾರಾವಾಹಿಯ ವೈದ್ಯರು ಎಲುಬು, ಗಂಟಲು, ಕೈಕಾಲಿನ ಉದ್ದ ಎಲ್ಲವನ್ನೂ ಜಾಹೀರಾತಿನ ಬಿಡುವಿನಲ್ಲಿ ಮುಗಿಸಿದರು. ಕಲೆಯೂ ಇಲ್ಲ, ಹೊಲಿಗೆಯೂ ಇಲ್ಲ, ಬಿಲ್ಲೂ ಇಲ್ಲ. ಬಿಲ್ಲಿಲ್ಲದ ಆಸ್ಪತ್ರೆ ಎಂಬುದೇ ಆ ಕಥೆಯ ಅತಿ ದೊಡ್ಡ ವೈಜ್ಞಾನಿಕ ಕಲ್ಪನೆ.

ಹಾಗೆಂದು ನಮಗೆ ಈ ವಿದ್ಯೆ ಹೊಸದಲ್ಲ. ಟಿಪ್ಪುವಿನೊಡನೆ 1792ರಲ್ಲಿ ನಡೆದ ಯುದ್ಧದಲ್ಲಿ ಇಂಗ್ಲಿಷರ ಪಡೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಕಡೆಯ ನಾಟಿ ವೈದ್ಯನೊಬ್ಬ ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಸುಶ್ರುತನ ಕಾಲದಿಂದ ನಡೆದುಬಂದ ಕಸುಬು ಅದು. ಈ ಸುದ್ದಿ ಚಿತ್ರಸಹಿತ 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಅದನ್ನು ಓದಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ವರ್ಷಗಟ್ಟಲೆ ಅಭ್ಯಾಸ ಮಾಡಿ, 1814ರಲ್ಲಿ ಅಲ್ಲೂ ಮೂಗು ಕಟ್ಟಿದ. ಮೂಗಿನ ವಿದ್ಯೆಯನ್ನು ಹೀಗೆ ನಮ್ಮಿಂದ ಕಲಿತ ಆ ದೇಶದವರೇ ನೂರೈವತ್ತು ವರ್ಷದ ನಂತರ ಮುಖ ಬದಲಿಸುವ ಟೀವಿ ಧಾರಾವಾಹಿಯಲ್ಲಿ ನಮ್ಮನ್ನು ಹಿಂದೆ ಹಾಕಿದರು.

ಬಿಬಿಸಿಯ ‘ಡಾಕ್ಟರ್ ಹೂ’ 1963ರಲ್ಲಿ ಶುರುವಾದದ್ದು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ಅನ್ಯಗ್ರಹದ ಡಾಕ್ಟರ್ ಅದರ ನಾಯಕ. ಮೂರೇ ವರ್ಷಕ್ಕೆ ನಾಯಕನಟ ವಿಲಿಯಂ ಹಾರ್ಟ್‌ನೆಲ್‌ರ ಆರೋಗ್ಯ ಕೆಟ್ಟಿತು. ಬರೆಯುವವರು ತಲೆ ಓಡಿಸಿದರು: ಇವನು ಅನ್ಯಗ್ರಹದವನು ತಾನೆ, ದೇಹ ಸೋತಾಗ ಹೊಸ ದೇಹ ತಳೆಯುತ್ತಾನೆ ಎಂದುಬಿಟ್ಟರೆ? 1966ರ ಅಕ್ಟೋಬರ್‌ನಲ್ಲಿ ಹಾರ್ಟ್‌ನೆಲ್ ನೆಲಕ್ಕೆ ಬಿದ್ದರು, ಎದ್ದವರು ಪ್ಯಾಟ್ರಿಕ್ ಟ್ರೌಟನ್. ಮುಖ್ಯ ಸಂಗತಿ ಇರುವುದು ಮುಂದೆ. ಹೊಸ ಮುಖದ ಜೊತೆ ಹೊಸ ಸ್ವಭಾವವೂ ಬಂತು. ಹಳಬ ಸಿಡುಕನಾದರೆ ಹೊಸಬ ಕೊಳಲು ಊದುವ ತುಂಟ. ನಟ ಬದಲಾದ ಸಂಕಟವನ್ನು ಅವರು ಕಥೆ ಬದಲಿಸುವ ಪರವಾನಗಿ ಮಾಡಿಕೊಂಡರು. ಅದರ ಮೇಲೇ ಆ ಸರಣಿ ಅರವತ್ತು ವರ್ಷ ದಾಟಿತು.

2018ರ ಅಕ್ಟೋಬರ್ 7ರಂದು ಅವರು ಇನ್ನೂ ಒಂದು ಹೆಜ್ಜೆ ಹೋದರು. ಹೊಸ ಸೀಸನ್ನಿನ ಮೊದಲ ಕಂತಿನಲ್ಲಿ ಡಾಕ್ಟರ್ ಹೆಂಗಸಾಗಿ ಬಂದಳು. ಜೋಡಿ ವಿಟೇಕರ್. ಶೆಫೀಲ್ಡಿನ ಬಳಿ ರೈಲಿನ ಚಾವಣಿ ಒಡೆದುಕೊಂಡು ಬೀಳುತ್ತಾಳೆ, ತಾನು ಯಾರೆಂಬುದೇ ನೆನಪಿಲ್ಲ. ಹಾಗೆಂದು ಅಳುತ್ತ ಕೂರುವುದಿಲ್ಲ. ಕಳೆದುಹೋದ ತನ್ನ ಉಪಕರಣವನ್ನು ಶೆಫೀಲ್ಡಿನ ಉಕ್ಕಿನಲ್ಲಿ ತಾನೇ ಬೆಸೆದು ಮಾಡಿಕೊಳ್ಳುತ್ತಾಳೆ. ಕೊಂದವರ ಹಲ್ಲು ಕಿತ್ತು ತನ್ನ ಮುಖಕ್ಕೆ ಚುಚ್ಚಿಕೊಳ್ಳುವ ಖಳನನ್ನು ಓಡಿಸುತ್ತಾಳೆ. ಆಮೇಲೆ ಹಳೆ ಬಟ್ಟೆ ಅಂಗಡಿಗೆ ಹೋಗಿ ಪ್ಯಾಂಟು ಕೊಳ್ಳುತ್ತಾಳೆ. ‘ಹೆಂಗಸು ಡಾಕ್ಟರ್ ಆಗುವುದೇ?’ ಎಂದು ಅಲ್ಲಿನ ಗಂಡಸರೂ ಎದೆ ಬಡಿದುಕೊಂಡರು. ನಮ್ಮ ವಾಣಿ ವಿಲಾಸ ಆಸ್ಪತ್ರೆ ತೋರಿಸಿದ್ದರೆ ಸಮಾಧಾನವಾಗುತ್ತಿತ್ತು.

ಅವಳು ಶೆಫೀಲ್ಡಿನ ಬದಲು ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಬಿದ್ದಿದ್ದರೆ? ವಿಜಯನಗರದ ಹತ್ತಿರ ನೇರಳೆ ಮಾರ್ಗದ ಮೆಟ್ರೊ ಚಾವಣಿ ಒಡೆದುಕೊಂಡು ಬರುತ್ತಿದ್ದಳು. ಸಂಜೆಯ ಹೊತ್ತಾದರೆ ನೆಲ ಮುಟ್ಟುವಷ್ಟು ಜಾಗ ಇರುತ್ತಿರಲಿಲ್ಲ, ಜನರ ಹೆಗಲ ಮೇಲೇ ಕೆಂಗೇರಿ ಸೇರುತ್ತಿದ್ದಳು. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 90 ರೂಪಾಯಿಗೆ ಏರಿದ ಮೇಲೆ ಎಷ್ಟೋ ಜನ ಮೆಟ್ರೊಗಿಂತ ಕಾಲಯಂತ್ರವೇ ಅಗ್ಗ ಎಂದುಕೊಂಡಿದ್ದಾರೆ, ಆಕೆಗೆ ಪ್ರಯಾಣಿಕರ ಕೊರತೆ ಆಗುತ್ತಿರಲಿಲ್ಲ. ಉಪಕರಣ ಬೆಸೆಯಲು ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳಿವೆ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿದೆ. ಶೆಫೀಲ್ಡಿಗೇನೂ ಕಮ್ಮಿ ಇಲ್ಲ. “ಮೇಡಂ, ನಾಳೆ ಬನ್ನಿ, ಕರೆಂಟಿಲ್ಲ” ಎಂಬ ಮಾತು ಕೇಳಿಸಿಕೊಳ್ಳಬೇಕು, ಅಷ್ಟೆ. ಕೆಲಸ ಮಾತ್ರ ಪಕ್ಕಾ.

ಆದರೆ ನಮ್ಮ ಧಾರಾವಾಹಿಯವರು ಅವಳನ್ನು ಲೇತ್ ಅಂಗಡಿಗೆ ಹೋಗಲು ಬಿಡುವುದಿಲ್ಲ. ಮೊದಲ ಕಂತಿನಲ್ಲೇ ಒಂದು ಕಲ್ಯಾಣ ಮಂಟಪದೊಳಗೆ ಬೀಳಿಸಿ, ಹಣೆಗೆ ಕುಂಕುಮ ತಾನಾಗಿ ಚೆಲ್ಲಿಕೊಳ್ಳುವಂತೆ ಮಾಡಿ, ಎರಡನೆಯ ಕಂತಿಗೆ ಯಾರದೋ ಸೊಸೆ ಮಾಡಿರುತ್ತಾರೆ. ಕಾಡಿಗೆ ಬಿಡಬಹುದು, ಅದಕ್ಕೆ ಪೂರ್ವನಿದರ್ಶನವಿದೆ: ‘ಪುಟ್ಟಗೌರಿ ಮದುವೆ’ಯ ಗೌರಿಗೆ ಹುಲಿ ಎದುರಾದದ್ದನ್ನು 2018ರಲ್ಲಿ ನಾಡಿಗೆ ನಾಡೇ ನೋಡಿ ನಕ್ಕಿತು. ಹುಲಿಯನ್ನೂ ಗೆಲ್ಲಬಹುದು, ಕೆಲಸಕ್ಕೆ ಮಾತ್ರ ಹೋಗಕೂಡದು.

‘ಜೊತೆ ಜೊತೆಯಲಿ’ಯಲ್ಲೇ ಹೆಣ್ಣಿನ ಮುಖವೂ ಬದಲಾಗಿದೆ, ಆ ಲೆಕ್ಕವನ್ನು ಯಾರೂ ಹಾಕಲಿಲ್ಲ. ಆರ್ಯವರ್ಧನನ ಮೊದಲ ಹೆಂಡತಿ ರಾಜನಂದಿನಿ, ಸೋನು ಗೌಡ ಮಾಡಿದ ಪಾತ್ರ. ಅವಳೇ ಮತ್ತೆ ಹುಟ್ಟಿ ಅನು ಸಿರಿಮನೆ ಆದದ್ದು. ಗಮನಿಸಿ. ಗಂಡನ ಮುಖ ಬದಲಾಗಲು ಒಂದು ಆಪರೇಷನ್ ಸಾಕು. ಹೆಂಡತಿಯ ಮುಖ ಬದಲಾಗಬೇಕಾದರೆ ಅವಳು ಮೊದಲು ಸಾಯಬೇಕು. ಆಮೇಲೆ ಇನ್ನೊಬ್ಬರ ಹೊಟ್ಟೆಯಲ್ಲಿ ಹುಟ್ಟಬೇಕು, ಹಾಲುಹಲ್ಲು ಬೀಳಿಸಿಕೊಳ್ಳಬೇಕು, ಎಸ್ಸೆಸ್ಸೆಲ್ಸಿ ಪಾಸಾಗಬೇಕು, ಇಪ್ಪತ್ತು ತುಂಬಿಸಿ ಅದೇ ಗಂಡಸಿನ ಮುಂದೆ ಬಂದು ನಿಲ್ಲಬೇಕು. ಆಗಲೂ ಅವನು ನಲವತ್ತೈದರ ಯುವಕ. ಇಷ್ಟು ಸುತ್ತು ಹಾಕಿ ಬಂದವಳಿಗೆ ಸಿಗುವುದು ಅದೇ ಮನೆ, ಅದೇ ಹಾಲ್, ಅದೇ ಮೆಟ್ಟಿಲು.

ಆರ್ಯವರ್ಧನನಿಗಾದರೂ ಅನಿರುದ್ಧ್ ಮೊದಲ ಮುಖವೇ? ಈ ಕಥೆ ಬಂದದ್ದು ಜೀ ಮರಾಠಿಯ ‘ತುಲಾ ಪಾಹತೆ ರೇ’ಯಿಂದ. ಅಲ್ಲಿ ಆ ಸಿರಿವಂತನಾಗಿದ್ದವರು ಸುಬೋಧ್ ಭಾವೆ. ಅದೇ ಕಥೆ ಮುಂದೆ ತೆಲುಗಿಗೆ ಹೋಯಿತು, ತಮಿಳಿಗೆ ಹೋಯಿತು. ಒಂದೊಂದು ರಾಜ್ಯದಲ್ಲಿ ಒಂದೊಂದು ಮುಖ, ನಮ್ಮಲ್ಲಿ ಎರಡು. ಇಂಗ್ಲಿಷರು ಮುಖ ಬದಲಾದಾಗ ಮನುಷ್ಯನನ್ನೂ ಬದಲಿಸಿದರು. ನಾವು ಮುಖ ಹೊಲಿದು, ನೆನಪು ಒರೆಸಿ, ಹೆಸರು ತಿದ್ದಿ, ಇಷ್ಟೆಲ್ಲ ಹರಸಾಹಸ ಮಾಡಿದ್ದು ಏನೂ ಬದಲಾಗದಿರಲಿ ಎಂದು. ನೆನಪು ಕಳೆದುಕೊಂಡ ಸಂಜು ಬೇರೇನಾದರೂ ಆಗಬಹುದಿತ್ತು. ನಾಗರಭಾವಿಯಲ್ಲಿ ಬೇಕರಿ ತೆರೆಯಬಹುದಿತ್ತು. ಬಿಎಂಟಿಸಿ ಕಂಡಕ್ಟರ್ ಆಗಿ ಕೆಂಗೇರಿ ರೂಟಿನಲ್ಲಿ ಚಿಲ್ಲರೆ ಕೇಳಬಹುದಿತ್ತು. ಹಳೆ ಜನ್ಮದ ಶ್ರೀಮಂತಿಕೆ ಮರೆತವನಿಗೆ ಬಾಡಿಗೆ ಮನೆಯ ಬದುಕು ಹೇಗಿರುತ್ತದೆ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಯಾವಾಗ ಸಿಗುತ್ತದೆ? ಕಥೆ ಅವನನ್ನು ಎಳೆದುಕೊಂಡು ಬಂದು ಹಳೆಯ ಬಂಗಲೆಯ ಸುತ್ತಲೇ ತಿರುಗಿಸಿತು. 2023ರ ಮೇ ತಿಂಗಳಲ್ಲಿ ಧಾರಾವಾಹಿ ಮುಗಿಯಿತು. ಅತ್ತೆ ಮರುದಿನವೇ ಅದೇ ಹೊತ್ತಿಗೆ ಅದೇ ಸೋಫಾದಲ್ಲಿ ಇನ್ನೊಬ್ಬ ಸಿರಿವಂತನನ್ನು ನೋಡತೊಡಗಿದರು.

ಕಿರುತೆರೆಯ ನಿರ್ಮಾಪಕರಲ್ಲಿ, ಚಾನೆಲ್ಲಿನವರಲ್ಲಿ ಒಂದು ಬಿನ್ನಹ. ಮುಂದಿನ ಸಲ ನಿಮ್ಮ ನಾಯಕನಟ ಸಿಟ್ಟು ಮಾಡಿಕೊಂಡು ಹೋದರೆ ಕಾರು ಗುದ್ದಿಸಬೇಡಿ, ಬ್ಯಾಂಡೇಜು ಸುತ್ತಬೇಡಿ. ಒಂದು ಸಾಲಿನ ಪಟ್ಟಿ ಓಡಿಸಿ. ಅತ್ತೆಯರಿಗೆ ಒಗ್ಗಿದ್ದು ನಾಯಕನಿಗೂ ಒಗ್ಗುತ್ತದೆ. ಆಸ್ಪತ್ರೆಯ ಸೆಟ್ಟಿಗೆ ಸುರಿಯುವ ದುಡ್ಡನ್ನು ಒಬ್ಬ ಹೊಸ ಕಥೆಗಾರನಿಗೋ ಕಥೆಗಾರ್ತಿಗೋ ಕೊಡಿ, ರೈಟ್ಸ್ ಕೊಳ್ಳಲು ಮುಂಬೈಗೆ ಹೋಗುವ ಮೊದಲು ಮಾಗಡಿ ರಸ್ತೆಯಲ್ಲಿ ಒಂದು ಸಂಜೆ ನಡೆದಾಡಿ. ಶಸ್ತ್ರಚಿಕಿತ್ಸೆ ಮಾಡಲೇಬೇಕು ಎಂದು ಕೈ ತುರಿಸಿದರೆ, ದಯವಿಟ್ಟು ಸ್ಕ್ರಿಪ್ಟಿನಿಂದ ಶುರು ಮಾಡಿ.