ಕೊಸರು ಸಿದ್ಧಾಂತ: ನೇರ ಅನುಪಾತಕ್ಕೊಂದು ತಿದ್ದುಪಡಿ

ಮಾಧ್ಯಮಿಕ ಶಾಲೆಯ ಗಣಿತ ಪುಸ್ತಕಗಳು ಒಂದು ಮಾತನ್ನು ಪರೀಕ್ಷಿಸದೆ ಒಪ್ಪಿಕೊಂಡಿವೆ: ಕಿಲೋ ಬದನೆಕಾಯಿಗೆ 40 ರೂಪಾಯಿಯಾದರೆ ಮೂರು ಕಿಲೋಕ್ಕೆ 120. ಗದಗ-ಬೆಟಗೇರಿಯ ಸಂತೆಯಲ್ಲಿ ಈ ಲೆಕ್ಕ ಇವತ್ತಿನವರೆಗೆ ಸರಿಬಂದಂತಿಲ್ಲ. ಅಲ್ಲಿ 120 ಮೊದಲು 110ಕ್ಕೆ ಇಳಿಯುತ್ತದೆ. ತಕ್ಕಡಿಯ ಮುಳ್ಳು ನಡುವಿಗೆ ನಿಂತ ಮೇಲೆ ಗಿರಾಕಿ “ಒಂದೀಟ ಕೊಸರು ಹಾಕಬೇ ಯವ್ವಾ” ಎನ್ನುತ್ತಾನೆ. ಮುದುಕಿ ಬೈಯುತ್ತಲೇ ಎರಡು ಕಾಯಿ ಎಸೆದು, ಮೇಲೊಂದು ಕರಿಬೇವಿನ ಎಸಳು ಇಡುತ್ತಾಳೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 850ರ ಸುಮಾರಿಗೆ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯನ ತ್ರೈರಾಶಿಕಕ್ಕೂ ಪ್ರಮಾಣ, ಫಲ, ಇಚ್ಛೆ ಎಂಬ ಮೂರೇ ರಾಶಿ. ನಾಲ್ಕನೆಯದಾದ ಕೊಸರು ಸಾವಿರ ವರ್ಷಗಳಿಂದ ಶಾಸ್ತ್ರದ ಹೊರಗೇ ಉಳಿದಿದೆ, ಪ್ರಾಯಶಃ ವಿದ್ವಾಂಸರ ಮನೆಯ ಸಂತೆಯನ್ನು ಬೇರೆಯವರು ಮಾಡುತ್ತಿದ್ದುದರಿಂದ.

ನೇರ ಅನುಪಾತದ ನಕ್ಷೆ ಮೂಲಬಿಂದುವಿನ ಮೂಲಕವೇ ಹಾಯಬೇಕೆಂದು ಪಠ್ಯದ ಆಗ್ರಹ. ಏನೂ ಕೊಳ್ಳದವನಿಗೆ ಏನೂ ಸಿಗದು ಎಂಬುದು ಅದರ ತಾತ್ಪರ್ಯ. ಲಕ್ಷ್ಮೇಶ್ವರದಲ್ಲಿ ಶೇಂಗಾ ರಾಶಿಯ ಮುಂದೆ ನಿಂತವರನ್ನು ಗಮನಿಸಿದರೆ ಇದು ಸುಳ್ಳೆಂದು ತಿಳಿಯುತ್ತದೆ. ಗಿರಾಕಿ ಒಂದು ಹಿಡಿ ಎತ್ತುತ್ತಾನೆ, ಸುಲಿಯುತ್ತಾನೆ, ಸಿಪ್ಪೆ ಊದುತ್ತಾನೆ, ಅಗಿಯುತ್ತಾ ದರ ಕೇಳಿ, “ನೋಡೂಣ್ರಿ” ಎಂದು ಮುಂದಿನ ರಾಶಿಗೆ ನಡೆಯುತ್ತಾನೆ. ಕೊಂಡದ್ದು ಸೊನ್ನೆ, ಹೊಟ್ಟೆಗೆ ಬಿದ್ದದ್ದು ಸೊನ್ನೆಯಲ್ಲ. ಹೀಗಾಗಿ ನಮ್ಮ ಸೀಮೆಯ ರೇಖೆ ಮೂಲಬಿಂದುವಿಗಿಂತ ಒಂದು ಹಿಡಿ ಮೇಲೆ ಹೊರಡುತ್ತದೆ; ಆ ಎತ್ತರ ದಾಟಿದ ರಾಶಿಗಳ ಸಂಖ್ಯೆಗೆ ನೇರ ಅನುಪಾತದಲ್ಲಿರುತ್ತದೆ. ಪಠ್ಯದ ನಿಯಮ ಪೂರ್ತಿ ನಿಜವಾಗುವುದು ಇಲ್ಲಿ ಮಾತ್ರ.

ಏಕಮಾನಗಳ ಪರಿವರ್ತನೆಯ ಚರಿತ್ರೆಯೂ ಇದಕ್ಕೆ ಸಾಕ್ಷಿ. ಸ್ವಾತಂತ್ರ್ಯಪೂರ್ವದಲ್ಲಿ ಗದಗ ಮುಂಬಯಿ ಪ್ರಾಂತ್ಯದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಚಕ್ಕಡಿಯಲ್ಲಿ ಒಂದು ದಿನ ಸಾಗಿದರೆ ಮೂರು ಸರಕಾರ ದಾಟುತ್ತಿದ್ದವನಿಗೆ ಪರಿವರ್ತನೆ ಕಲಿಸಲು ಮಾಸ್ತರರು ಬೇಕಿರಲಿಲ್ಲ. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕ ಬಂತು. 80 ತೊಲದ ಸೇರು 933 ಗ್ರಾಂ; ಅದರ ಜಾಗಕ್ಕೆ ಕಿಲೋ ಕೂತಿತು. ಸೇರಿಗೆ 67 ಗ್ರಾಂ ಕೊಸರನ್ನು ಕಾಯ್ದೆಯ ಮೂಲಕವೇ ಹಾಕಿದ ಸರಕಾರ ಅದೊಂದೇ ಇರಬೇಕು.

ಬಂಗಾರದಂಗಡಿಯಲ್ಲಿ ಕೊಸರು ಎಲ್ಲಿದೆ ಎಂದು ಕೇಳುವವರುಂಟು. ಇದೆ, ಋಣ ಚಿಹ್ನೆಯೊಡನೆ ಇದೆ. ಹಳೆಯ ತೊಲ 11.66 ಗ್ರಾಂ, ವ್ಯಾಪಾರದ ಈಗಿನ ತೊಲ 10 ಗ್ರಾಂ. ಅತ್ತೆಯ ಐದು ತೊಲದ ಸರ 58 ಗ್ರಾಂ ತೂಗಿದರೆ ಸೊಸೆಯ ಐದು ತೊಲ 50ಕ್ಕೇ ನಿಲ್ಲುತ್ತದೆ; ಕಳೆದ 8 ಗ್ರಾಮಿಗೆ ಪ್ರತಿಯಾಗಿ ಒಂದು ಕೆಂಪು ಪರ್ಸು ಮತ್ತು ಲಕ್ಷ್ಮಿಯ ಕ್ಯಾಲೆಂಡರು ಸಿಗುತ್ತವೆ. ಭೂಮಿಯಾದರೂ ಅಳತೆಗೆ ಬದ್ಧವಲ್ಲವೇ ಎಂಬುದು ಇನ್ನೊಂದು, ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಗುಂಟೆ ಎಂದರೆ 33 ಅಡಿ ಚೌಕ, 1,089 ಚದರಡಿ, 40 ಗುಂಟೆಗೆ ಎಕರೆ, ಇದರಲ್ಲಿ ತಕರಾರಿಲ್ಲ. ಆದರೆ ಮುಂಡರಗಿಯ ಎರೆಹೊಲದಲ್ಲಿ 330 ಅಡಿ ಉದ್ದದ ಬದು ಇದೆಯೆನ್ನೋಣ. ಪಕ್ಕದ ಹೊಲದವನು ವರ್ಷಕ್ಕೆ ಒಂದು ಗೇಣು, ಅಂದರೆ 9 ಇಂಚು, ಒಳಗೆ ಹರಗಿದರೆ 247.5 ಚದರಡಿ ಅವನ ಪಾಲಾಗುತ್ತದೆ. ನಾಲ್ಕೂವರೆ ವರ್ಷದೊಳಗೆ ಪೂರಾ ಒಂದು ಗುಂಟೆ! ಕೇಳದೆ ತಗೊಂಡ ಈ ಕೊಸರಿನ ವಿಲೇವಾರಿ ಗಣಿತದ ವ್ಯಾಪ್ತಿಗೆ ಸೇರದು, ಅದಕ್ಕೆ ದಿವಾಣಿ ಕೋರ್ಟು ಇದೆ.

ಮಕ್ಕಳು ಉತ್ತರಪತ್ರಿಕೆಯಲ್ಲಿ “110, ಮತ್ತು ಎರಡು ಬದನೆಕಾಯಿ” ಎಂದು ಬರೆದರೆ ಅಂಕ ಕೊಡುವುದು ಹೇಗೆ ಎಂಬ ಶಿಕ್ಷಣತಜ್ಞರ ಆತಂಕ ಉಳಿಯಿತು. ಅದಕ್ಕೆ ಉತ್ತರ ಇಲಾಖೆಯ ಹತ್ತಿರವೇ ಇದೆ. ಕೊಸರನ್ನು ಪಠ್ಯಕ್ಕೆ ಸೇರಿಸದ ರಾಜ್ಯ 2024ರ ಎಸ್ಸೆಸ್ಸೆಲ್ಸಿಯಲ್ಲಿ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿ, ಮರುವರ್ಷ ಕೈಬಿಟ್ಟಿತು. ರೂಢಿಯಾದ ಗಿರಾಕಿಗೆ ಕೊಸರು ನಿಲ್ಲಿಸಿದರೆ ಏನಾಗುತ್ತದೆಂದು ಬೆಟಗೇರಿಯ ಯಾವ ಕಾಯಿಪಲ್ಯೆಯವಳನ್ನಾದರೂ ಮೊದಲೇ ಕೇಳಬಹುದಿತ್ತು.